ವಕೀಲರಿಲ್ಲದ ವಿಚ್ಛೇದನ

ನಮ್ಮ ಪರಿಚಿತರಾದ ಮಹಿಳೆಯೊಬ್ಬರು ಕೆಲವು ದಿನಗಳ ಕೆಳಗೆ ಕಾಗದಗಳ ಕಟ್ಟೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅವರೂ ಅವರ ಪತಿಯೂ ಹನ್ನೆರಡು ವರ್ಷ ಸಂಸಾರ ಮಾಡಿ, ಇನ್ನು ಕೂಡಿ ಬಾಳಲಾರೆವೆಂದು ನಿಶ್ಚಯಿಸಿ, ಜಗಳವಿಲ್ಲದೆ ಬೇರೆಯಾದವರು. ವ್ಯಾಜ್ಯವೇ ಇಲ್ಲದೆಡೆ ವಕೀಲರೇಕೆಂದು ಯೋಚಿಸಿ, ಯಾರದೋ ಹಳೆಯ ಅರ್ಜಿಯನ್ನು ನೋಡಿಕೊಂಡು ತಾವೇ ಅರ್ಜಿ ಬರೆದು ಕೌಟುಂಬಿಕ ನ್ಯಾಯಾಲಯದಲ್ಲಿ ಡಿಕ್ರಿ ಪಡೆದರು. ಇಬ್ಬರ ಹೆಸರಿನಲ್ಲಿದ್ದ ಮನೆ ಪತ್ನಿಗೆ, ಅದರ ಸಾಲದ ಕಂತು ಪತಿಗೆ ಎಂದು ಒಂದು ಬಿಡಿ ಕಾಗದದಲ್ಲಿ ಬರೆದುಕೊಂಡರು. ಅರ್ಜಿಯಲ್ಲಿ ಮಾತ್ರ, ಪರಸ್ಪರ ಯಾವ ಹಕ್ಕುಬಾಧ್ಯತೆಯೂ ಉಳಿದಿಲ್ಲವೆಂಬ ಒಂದು ಸಾಲು ಇದ್ದಿತು. ಎರಡು ವರ್ಷವಾಗುವಷ್ಟರಲ್ಲಿ ಕಂತು ನಿಂತಿತು. ಬ್ಯಾಂಕಿನ ನೋಟೀಸು ಆಕೆಯ ಹೆಸರಿಗೆ ಬಂದಿತು.

ಬ್ಯಾಂಕಿನವರು ಅನ್ಯಾಯವನ್ನೇನೂ ಮಾಡಲಿಲ್ಲ. ಸಾಲಪತ್ರದಲ್ಲಿ ಇಬ್ಬರ ಸಹಿಯೂ ಇದೆ. ದಂಪತಿಗಳು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯು ಸಾಲ ಕೊಟ್ಟವರನ್ನು ಬಂಧಿಸಲಾರದು. ಮನೆಯೂ ಪೂರ್ಣವಾಗಿ ಆಕೆಯದಾಗಲಿಲ್ಲ. 1908ರ ನೋಂದಣಿ ಕಾನೂನಿನಂತೆ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು ರಿಜಿಸ್ಟರಾಗಬೇಕು. ಬಿಡಿ ಕಾಗದಕ್ಕೆ ಆ ಬಲವಿಲ್ಲ.

ವಕೀಲರಿಲ್ಲದೆ ನಡೆಯಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಫೀಜಿನ ಭಾರವುಂಟು, ಸಣ್ಣ ಮನಸ್ತಾಪವು ದೊಡ್ಡ ವ್ಯಾಜ್ಯವಾಗಿ ಬೆಳೆಯುವುದೂ ಉಂಟು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾನೂನೇ, ವಕೀಲರ ಮೂಲಕ ವಾದಿಸುವುದು ಕಕ್ಷಿಗಾರರ ಹಕ್ಕಲ್ಲವೆಂದು ವಿಧಿಸಿದೆ. ನ್ಯಾಯಾಲಯವು ಅಗತ್ಯವೆಂದು ಕಂಡರೆ ಕಾನೂನುಬಲ್ಲವರ ನೆರವನ್ನು ಪಡೆಯಬಹುದು. ಆದರೆ ತಾವೇ ಮಾತನಾಡಲು ಅವಕಾಶವಿದ್ದ ಮಾತ್ರಕ್ಕೆ ಏನನ್ನು ಮಾತನಾಡಬೇಕೆಂಬುದು ತಿಳಿದಂತಾಗಲಿಲ್ಲ. ನ್ಯಾಯಾಧೀಶರು ಇಬ್ಬರಿಗೂ ಸಮಾನರು. ಒಬ್ಬರ ಪರವಾಗಿ ನಿಂತು ಲೆಕ್ಕ ನೋಡುವುದು ಅವರ ಕೆಲಸವಲ್ಲ.

ಒಪ್ಪಿಗೆಯ ವಿಚ್ಛೇದನದಲ್ಲಿಯೇ ಎಚ್ಚರ ಹೆಚ್ಚು ಬೇಕು. 1955ರ ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ಸೇರಿದ ವಿಧಿಯಂತೆ, ಒಂದು ವರ್ಷವಾದರೂ ಬೇರೆಯಾಗಿ ಬಾಳಿದ ದಂಪತಿಗಳು ಕೂಡಿ ಅರ್ಜಿ ಹಾಕಬಹುದು. ಆರು ತಿಂಗಳ ತರುವಾಯ ಮತ್ತೆ ನ್ಯಾಯಾಲಯದ ಮುಂದೆ ಬರಬೇಕು. ತಕ್ಕ ಸಂದರ್ಭದಲ್ಲಿ ಈ ಅವಧಿಯನ್ನು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಡಿಕ್ರಿಯಾಗುವವರೆಗೆ ಒಪ್ಪಿಗೆಯನ್ನು ಹಿಂದೆಗೆಯಬಹುದೆಂದು 1991ರಲ್ಲಿಯೇ ತೀರ್ಮಾನವಾಗಿದೆ. ಆದರೆ ಒಪ್ಪಿಗೆಯಿಂದ ಆದ ಡಿಕ್ರಿಯ ಮೇಲೆ ಅಪೀಲು ಇಲ್ಲವೆಂದು 1984ರ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಸಹಿಗೆ ಮೊದಲು ಕಳೆದ ಒಂದು ಗಂಟೆಯು ಸಹಿಯ ನಂತರ ಕಳೆಯುವ ವರ್ಷಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಇನ್ನೂ ಕೆಲವು ಅಪಾಯಗಳನ್ನು ನಮ್ಮ ವಾಚಕರು ಮನಸ್ಸಿನಲ್ಲಿಡತಕ್ಕದ್ದು. ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದು ನೋಟರಿಯ ಮುದ್ರೆ ಹಾಕಿಸಿದರೆ ಮದುವೆ ಮುರಿಯಿತೆಂದು ಹಲವರು ನಂಬಿದ್ದಾರೆ. ಆ ಪಂಗಡದಲ್ಲಿ ಕಾನೂನು ಒಪ್ಪುವ ರೂಢಿಯಿದೆಯೆಂದು ಸಿದ್ಧಪಡಿಸಿದ ಹೊರತು ಹಿಂದೂ ವಿವಾಹಕ್ಕೆ ಇದು ವಿಚ್ಛೇದನವಲ್ಲ. ಇದನ್ನೇ ನಂಬಿ ಮತ್ತೊಂದು ಮದುವೆಯಾದವರು ಅಪರಾಧಿಗಳಾದಾರು. ಆ ಎರಡನೆಯ ಮದುವೆಯೂ ನಿಲ್ಲದು. ಎರಡನೆಯದಾಗಿ, ನ್ಯಾಯಾಲಯದ ಸಮನ್ಸು ಬಂದಾಗ ಹೆದರಿ ಮನೆಯಲ್ಲಿ ಕುಳಿತರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಅದನ್ನು ರದ್ದು ಮಾಡಿಸಲು ಇರುವ ಅವಧಿ ಸಾಮಾನ್ಯವಾಗಿ 30 ದಿನ ಮಾತ್ರ. ಮೂರನೆಯದಾಗಿ, ಎದುರು ಪಕ್ಷದ ವರಮಾನವೆಷ್ಟೆಂದು ತಿಳಿಯದೆ ಜೀವನಾಂಶದ ಮೊತ್ತವನ್ನು ಒಪ್ಪಬಾರದು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಆದೇಶಿಸಿದೆ. ಅನ್ಯಮತೀಯರಿಗೆ ಅವರವರ ವಿವಾಹ ಕಾನೂನುಗಳು ಬೇರೆ ಇರುವುದರಿಂದ ಒಬ್ಬರ ಅರ್ಜಿಯನ್ನು ಮತ್ತೊಬ್ಬರು ನಕಲು ಮಾಡುವುದು ಇನ್ನೂ ಅಪಾಯಕರ.

ಹಣವಿಲ್ಲದವರ ಗತಿಯೇನೆಂದು ಕೇಳುವುದು ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾನೂನಿನಂತೆ ಸ್ತ್ರೀಯರಿಗೆ ವರಮಾನವನ್ನು ನೋಡದೆ ಉಚಿತವಾಗಿ ವಕೀಲರನ್ನು ಒದಗಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ, ವರಮಾನ ಕಡಿಮೆಯುಳ್ಳ ಇತರರಿಗೂ ಈ ಸೌಲಭ್ಯವುಂಟು. ಜಿಲ್ಲಾ ಪ್ರಾಧಿಕಾರದಲ್ಲಿಯೋ ತಾಲ್ಲೂಕು ಸಮಿತಿಯಲ್ಲಿಯೋ ಕೇಳಬಹುದು. 15100 ಎಂಬ ದೂರವಾಣಿ ಸಂಖ್ಯೆಯೂ ಇದೆ. ಪೂರ್ಣ ದಾವೆಗೆ ವಕೀಲರನ್ನು ಇಡಲಾಗದವರು, ಬರೆದ ಕರಾರನ್ನಾದರೂ ತಮ್ಮ ಪಕ್ಷದವರೇ ಆದ ಒಬ್ಬ ವಕೀಲರಿಗೆ ಓದಿಸಿ ಸಹಿ ಹಾಕಲಿ. ಇಬ್ಬರಿಗೂ ಒಬ್ಬರೇ ಸಾಕೆಂಬ ಮಿತವ್ಯಯ ಇಲ್ಲಿ ಹಿತವಲ್ಲ.

ಆ ಮಹಿಳೆಯನ್ನು ನಾವು ಜಿಲ್ಲಾ ಪ್ರಾಧಿಕಾರಕ್ಕೆ ಕಳುಹಿಸಿದೆವು. ದಾರಿ ಪೂರ್ತಿ ಮುಚ್ಚಿಲ್ಲವಂತೆ. ಆದರೆ ದೂರ ನಡೆಯಬೇಕಾಗಿದೆ. ಹೋಗುವಾಗ ಅವರು, "ಅವರ ಮೇಲೆ ನನಗೆ ಈಗಲೂ ಕೋಪವಿಲ್ಲ; ಬರೆಯುವ ದಿನ ಅವರಿಗೂ ಕೊಡುವ ಮನಸ್ಸೇ ಇತ್ತು" ಎಂದರು. ಅದು ನಿಜವೇ ಇರಬಹುದು. ಮನಸ್ಸು ಒಳ್ಳೆಯದಿರುವ ದಿನವೇ ಕಾಗದವನ್ನು ಗಟ್ಟಿಯಾಗಿ ಬರೆಯಿಸಿಕೊಳ್ಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು?