ನೋಯ್ಡಾದ ಕೊನೆಯ ಓಟ: ಪಟ್ಟ ವೆಟೆಲ್‌ಗೆ, ಲೆಕ್ಕ ಯಾರಿಗೆ?

ಮಾಕಣಿ: ಫಾರ್ಮುಲಾ ಒನ್ ಕಾರ್ ರೇಸಿನ ವಿಶ್ವ ಪಟ್ಟ ಭಾರತದ ನೆಲದಲ್ಲಿ ನಿರ್ಧಾರವಾದದ್ದು 2013ರ ಅಕ್ಟೋಬರ್ 27ರಂದು, ದೆಹಲಿ ಸಮೀಪದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ. 2011ರಲ್ಲಿ ಆರಂಭವಾದ ಭಾರತ ಗ್ರ್ಯಾನ್ ಪ್ರಿ ಅಂದಿಗೇ ನಿಂತುಹೋಯಿತು. ಪಟ್ಟ ಯಾರದೆಂಬುದು ಒಂದೂವರೆ ತಾಸಿನಲ್ಲಿ ತೀರ್ಮಾನವಾಯಿತು. ತೆರಿಗೆ ಮತ್ತು ಜಮೀನಿನ ಲೆಕ್ಕಕ್ಕೆ ಮಾತ್ರ ವರ್ಷಗಳೇ ಹಿಡಿದವು.

ಅಂದು ರೆಡ್ ಬುಲ್ ತಂಡದ ಸೆಬಾಸ್ಟಿಯನ್ ವೆಟೆಲ್ ಬಳಿ 297 ಅಂಕ, ಫೆರಾರಿಯ ಫರ್ನಾಂಡೊ ಅಲೊನ್ಸೊ ಬಳಿ 207 ಅಂಕ ಇದ್ದವು. ವೆಟೆಲ್‌ಗೆ ಐದನೇ ಸ್ಥಾನ ಸಿಕ್ಕರೂ ಸಾಕಿತ್ತು. ಎರಡನೇ ಸುತ್ತಿನಲ್ಲೇ ಟೈರ್ ಬದಲಿಸಲು ಒಳಬಂದ ಆತ 17ನೇ ಸ್ಥಾನಕ್ಕೆ ಇಳಿದ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ 60 ಸುತ್ತು ಮುಗಿಸಿದಾಗ ಎರಡನೆಯವನಾದ ನಿಕೊ ರೋಸ್‌ಬರ್ಗ್ ಸುಮಾರು 30 ಸೆಕೆಂಡು ಹಿಂದಿದ್ದ. ಅಲೊನ್ಸೊ 11ನೆಯವನಾಗಿ ಬರಿಗೈಯಲ್ಲಿ ಉಳಿದ. 26ರ ವಯಸ್ಸಿನ ವೆಟೆಲ್‌ಗೆ ಇದು ಸತತ ನಾಲ್ಕನೇ ಪಟ್ಟ. ಸಂಭ್ರಮದಲ್ಲಿ ಕಾರನ್ನು ಗಿರಿಗಿರಿ ತಿರುಗಿಸಿ ಜನರೆದುರು ನಿಲ್ಲಿಸಿದ್ದಕ್ಕೆ ತಂಡಕ್ಕೆ 25,000 ಯುರೋ ದಂಡ ಬಿತ್ತು.

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡದ ಕಾರುಗಳು ಅಂದು 8 ಮತ್ತು 9ನೇ ಸ್ಥಾನ ಪಡೆದವು. ಮಲ್ಯ 2016ರಲ್ಲಿ ದೇಶ ಬಿಟ್ಟರು. 2018ರಲ್ಲಿ ತಂಡ ದಿವಾಳಿಯ ಅಂಚಿಗೆ ಬಂದು ಬೇರೆಯವರ ಕೈಸೇರಿತು. ಮುಂದೆ ಅದೇ ತಂಡ ಆಸ್ಟನ್ ಮಾರ್ಟಿನ್ ಆದಾಗ ಅದರ ಕಾರು ಓಡಿಸಿದವರಲ್ಲಿ ವೆಟೆಲ್ ಕೂಡ ಒಬ್ಬ ಎಂಬುದು ಗಮನಾರ್ಹ.

ಓಟ ನಿಂತದ್ದೇಕೆ? ಇದು ಆಟವೋ ಮನರಂಜನೆಯೋ ಎಂಬ ಪ್ರಶ್ನೆಯೇ ಬಗೆಹರಿದಿರಲಿಲ್ಲ. ಉತ್ತರ ಪ್ರದೇಶ ಸರಕಾರ ಮನರಂಜನಾ ತೆರಿಗೆ ಮಾಫಿ ಮಾಡಿತ್ತು. ಅದನ್ನು ಪ್ರಶ್ನಿಸಿ ಅರ್ಜಿ ಹೋದಾಗ, ಟಿಕೆಟ್ ಹಣದ ಶೇ. 25ರಷ್ಟನ್ನು ಬೇರೆ ಖಾತೆಯಲ್ಲಿಡುವಂತೆ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓಟ ನಡೆಸಲು ಜೇಪೀ ಸಂಸ್ಥೆ ವಿದೇಶಿ ಕಂಪನಿಗೆ 4 ಕೋಟಿ ಡಾಲರ್ ಶುಲ್ಕ ಒಪ್ಪಿತ್ತು. ಆ ಆದಾಯಕ್ಕೆ ಭಾರತದಲ್ಲಿ ತೆರಿಗೆ ಕಟ್ಟಲೇಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಓಟ ನಿಂತು ಮೂರು ವರ್ಷ ದಾಟಿತ್ತು.

ಜಮೀನಿನ ಕಥೆ ಇನ್ನೂ ಉದ್ದ. ಯಮುನಾ ಎಕ್ಸ್‌ಪ್ರೆಸ್‌ವೇ ಬದಿಯ ಆ ಭಾಗದಲ್ಲಿ ಭೂಸ್ವಾಧೀನದ ವಿರುದ್ಧ ರೈತರು ಬೀದಿಗಿಳಿದಿದ್ದರು. 2011ರ ಮೇ ತಿಂಗಳಲ್ಲಿ ಭಟ್ಟಾ ಪಾರ್ಸೌಲ್‌ನಲ್ಲಿ ಜೀವಗಳೂ ಹೋದವು. ಸರ್ಕ್ಯೂಟ್ ಸೇರಿದಂತೆ ಸಾವಿರ ಹೆಕ್ಟೇರಿನ ಹಂಚಿಕೆಯನ್ನು ಬಾಕಿ ಕಟ್ಟಿಲ್ಲವೆಂದು ಪ್ರಾಧಿಕಾರ 2020ರಲ್ಲಿ ರದ್ದು ಮಾಡಿತು. ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ನಡುವೆ 2023ರಲ್ಲಿ ಮೋಟೋ ಜಿಪಿ ಬೈಕ್ ಓಟ ಅಲ್ಲಿ ನಡೆಯಿತು.

ನಿಮ್ನ ತೇರಣಾ ಅಣೆಕಟ್ಟಿಗೆ ಹೊಲ ಕೊಟ್ಟ ಮಾಕಣಿ ಭಾಗದ ರೈತರಿಗೆ ಇದು ದೂರದ ಸುದ್ದಿಯಲ್ಲ. ಇಲ್ಲಿ ಹೊಲ ಮುಳುಗಿದರೂ ಮಳೆ ಬಂದ ವರ್ಷ ನೀರು ನಿಲ್ಲುತ್ತದೆ. ಅಲ್ಲಿ ಮೂರು ಓಟ ಮುಗಿದ ಮೇಲೆ ಉಳಿದದ್ದು ಕೋರ್ಟಿನ ಕಾಗದ. ದೊಡ್ಡ ಓಟ ಮತ್ತೆ ಬರುತ್ತದೆಂದು ಯಾರಾದರೂ ಹೇಳಿದರೆ ಮೂರು ಮಾತು ಮೊದಲೇ ಕೇಳಬೇಕು: ತೆರಿಗೆ ಕಟ್ಟುವವರು ಯಾರು, ಜಮೀನು ಯಾರದು, ಓಟ ನಿಂತರೆ ಆ ಜಮೀನಿನ ಗತಿಯೇನು?