ಹುಡುಗರ ಮಾತು ನಂಬಲು ಎಷ್ಟು ವರ್ಷ ಬೇಕು?



ನಮ್ಮ ಮುಂಬಯಿಯ ಕೊಲಾಬಾದಲ್ಲಿ ಬೀದಿಯ ಮಕ್ಕಳಿಗೆಂದು ‘ಆಂಕರೇಜ್’ ಎಂಬ ಆಶ್ರಯಧಾಮವಿತ್ತು. ಅಲ್ಲಿಯ ಹುಡುಗರ ಮೇಲೆ ಲೈಂಗಿಕ ಅತ್ಯಾಚಾರ ನಡೆಯುತ್ತಿದೆಯೆಂದು 2001ರಲ್ಲಿ ಫಿರ್ಯಾದಾಯಿತು. 2006ರಲ್ಲಿ ಸೆಶನ್ಸ್ ಕೋರ್ಟು ಇಬ್ಬರು ಬ್ರಿಟಿಷರಿಗೆ ಆರು ವರ್ಷಗಳ ಸಜೆ ವಿಧಿಸಿತು. 2008ರಲ್ಲಿ ಹೈಕೋರ್ಟು ಹುಡುಗರ ಸಾಕ್ಷ್ಯವನ್ನು ನಂಬದೆ ಅವರನ್ನು ಬಿಟ್ಟುಬಿಟ್ಟಿತು. 2011ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿ ಮೊದಲಿನ ಸಜೆಯನ್ನೇ ಎತ್ತಿಹಿಡಿಯಿತು. ನ್ಯಾಯ ದೊರಕಿತು, ನಿಜ. ಆದರೆ ಅಷ್ಟರಲ್ಲಿ ಆ ಹುಡುಗರು ಗಡ್ಡ ಮೀಸೆ ಬಂದ ಗಂಡಸರಾಗಿದ್ದರು.

ಇದರಿಂದ ನಮಗೇನು ಎಂದು ಕೇಳಬಹುದು. ಊರು ಬಿಟ್ಟು ಬಂದು, ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿ ಹೊಟೇಲಿನ ಮೇಜಿನ ಮೇಲೆ ಮಲಗಿ ಬೆಳೆದವರು ನಮ್ಮಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಆ ರಾತ್ರಿಗಳಲ್ಲಿ ನಡೆದುದನ್ನು ಬಾಯಿಬಿಟ್ಟು ಹೇಳಿದವರು ಎಷ್ಟು ಮಂದಿ? ಹೇಳಿದ್ದರೆ ಕೇಳುವವರಾದರೂ ಯಾರಿದ್ದರು?

ಈಗ ಕಾನೂನು ಬೇರೆಯಾಗಿದೆ. ಜನರು ಪೋಕ್ಸೋ ಎನ್ನುವ 2012ರ ಕಾನೂನಿನ ಪ್ರಕಾರ ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಬರೆದುಕೊಳ್ಳಬಹುದು. ಆಗ ಅವರು ಸಮವಸ್ತ್ರದಲ್ಲಿ ಇರಕೂಡದು. ಕೋರ್ಟಿನಲ್ಲಿ ವಕೀಲರು ಮಗುವಿಗೆ ನೇರವಾಗಿ ಪಾಟೀಸವಾಲು ಹಾಕುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ತಿಳಿಸಬೇಕು, ಅವರೇ ಮಗುವನ್ನು ಕೇಳತಕ್ಕದ್ದು. ಆರೋಪಿಯ ಮೋರೆ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಕೋರ್ಟು ಖಟ್ಲೆಯನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದ ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಈ ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತಿನೊಳಗೇ ಎಷ್ಟೋ ತಾರೀಖುಗಳು ಅಡಗಿ ಕುಳಿತಿವೆ!

ತಾರೀಖೆಂದರೆ ನಮ್ಮಂಥವರಿಗೆ ಒಂದು ದಿನದ ಪಗಾರ ಹೋಯಿತೆಂದೇ ಅರ್ಥ. ಮೂರು ತಾರೀಖು ಮುಂದಕ್ಕೆ ಹೋದರೆ ಮಾಲಕನ ಮುಖ ಕೆಂಪಾಗುತ್ತದೆ. ನಾಲ್ಕನೆಯದಕ್ಕೆ ತಂದೆ ಹೋಗುವುದಿಲ್ಲ. ‘ಮಾನ ಹೋದದ್ದು ಸಾಕು, ಊರಿಗೆ ಕಳಿಸಿಬಿಡೋಣ’ ಎಂದು ಮಗುವನ್ನು ರೈಲು ಹತ್ತಿಸುತ್ತಾನೆ. ಅವನನ್ನು ಹೇಡಿಯೆಂದು ಜರೆಯಲು ನನಗೆ ಮನಸ್ಸು ಬಾರದು. ಅವನ ಜೊತೆಗೆ ಹೋಗದೆ ಉಳಿದ ನಾವು ಯಾರು?

ಅದೇ ಕಾನೂನಿನಲ್ಲಿ ಇನ್ನೊಂದು ಸಂಗತಿಯುಂಟು. ನಮ್ಮವರ ಗಮನಕ್ಕೆ ಅದು ಬಂದಂತಿಲ್ಲ. ಮಗುವಿಗೆ ಕೋರ್ಟಿನ ಭಾಷೆ ಬಾರದಿದ್ದರೆ ದುಭಾಷಿಯನ್ನು ಕೇಳುವ ಅವಕಾಶವಿದೆ. ಮಗುವಿಗೆ ನಂಬಿಕೆಯಿರುವ ಒಬ್ಬರು ಒಳಗೆ ಜೊತೆಗಿರಲು ಬಿಡತಕ್ಕದ್ದು ಎಂದೂ ಇದೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗು, ದೊಡ್ಡವರೇ ನಾಚುವ ಸಂಗತಿಯನ್ನು ಅರೆಬರೆ ಹಿಂದಿಯಲ್ಲಿ ಹೇಳಹೊರಟರೆ ಮಾತು ತಡವರಿಸುತ್ತದೆ. ಆ ತಡವರಿಕೆಯನ್ನೇ ಎದುರು ಪಕ್ಷದ ವಕೀಲರು ಸುಳ್ಳೆನ್ನುತ್ತಾರೆ.

ಸಂಘವು ಮುಂದಿನ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಬೇಕು. ತಾರೀಖಿನ ದಿನ ಕಳೆದ ಪಗಾರವನ್ನು ಸಂಘದ ನಿಧಿಯಿಂದ ತುಂಬಿಕೊಡಬೇಕು. ಕನ್ನಡ, ತುಳು, ಮರಾಠಿ ಮೂರನ್ನೂ ಬಲ್ಲ ಸಭಾಸದರು ತಮ್ಮ ಹೆಸರುಗಳನ್ನು ಕಾರ್ಯದರ್ಶಿಗಳಲ್ಲಿ ಬರೆಯಿಸಲಿ.