ಆರೈಕೆ ಮಾಡುವವರಿಗೆ ಆರೈಕೆ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೆಂಟರಿಷ್ಟರು ಬರುತ್ತಾರೆ. ಎಳನೀರು, ಹಣ್ಣು ತರುತ್ತಾರೆ. ರೋಗಿಯ ತಲೆದಿಂಬಿನ ಬಳಿ ಕುಳಿತು ಕುಶಲ ವಿಚಾರಿಸುತ್ತಾರೆ. ಚಹ ತಂದುಕೊಡುವ ಸೊಸೆಯನ್ನು 'ನೀ ಹೆಂಗದೀಯವ್ವಾ' ಎಂದು ಕೇಳುವವರು ವಿರಳ. ಕಾಯಿಲೆ ಎಂಟು ದಿನದ್ದಾದರೆ ಇದರಿಂದ ದೊಡ್ಡ ಹಾನಿಯೇನೂ ಇಲ್ಲ. ಅದೇ ಎಂಟು ವರ್ಷದ್ದಾದಾಗ ನೆಂಟರ ಬರವೂ ಕಡಿಮೆಯಾಗುತ್ತದೆ. ದಿನಾ ಸಾಯುವವರಿಗೆ ಅಳುವವರು ಯಾರು ಎಂದು ಗಾದೆಯೇ ಇದೆ. ಅಳುವವರು ಇಲ್ಲವಾದರೂ ಮೈ ಒರೆಸಿ ಉಣಿಸುವವರೊಬ್ಬರು ಬೇಕೇ ಬೇಕಷ್ಟೆ. ಆ ಒಬ್ಬರ ವಿಚಾರವೇ ಈ ವಾರದ್ದು.

ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು 1997ರಲ್ಲಿ ಕೂಡಿ ಕೊಪ್ಪಳ ಜಿಲ್ಲೆಯಾದವು. ಜಿಲ್ಲೆ ಒಂದಾದರೂ ನೆಲದ ಗುಣ ಬೇರೆ ಬೇರೆ. ಗಂಗಾವತಿಯ ಬಯಲಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಟು. ಅದು ಭತ್ತದ ಸೀಮೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳು ಮಳೆಯನ್ನೇ ನಂಬಿದವು. ಸಜ್ಜೆ, ಜೋಳಗಳ ಸೀಮೆ ಅದು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ದುಡಿಯುವ ಜನ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ಮುದುಕರು, ಮಕ್ಕಳು, ಮತ್ತು ಅವರನ್ನು ನೋಡಿಕೊಳ್ಳಲೆಂದು ಹಿಂದೆ ನಿಂತ ಒಬ್ಬ ಹೆಂಗಸು. ನೀರಾವರಿಯ ಸೀಮೆಯಲ್ಲಿ ನಷ್ಟದ ರೀತಿ ಬೇರೆ. ನಾಟಿಯ ಹಂಗಾಮಿನಲ್ಲಿ ಗುಂಪಿನೊಡನೆ ಗದ್ದೆಗೆ ಇಳಿದವಳಿಗೆ ಆ ದಿನದ ಕೂಲಿ ದೊರೆಯುತ್ತದೆ. ಲಕ್ವ ಹೊಡೆದ ಮಾವನನ್ನು ಬಿಟ್ಟು ಹೊರಡಲಾರದವಳಿಗೆ ಅದಿಲ್ಲ. ಮನೆಯ ಲೆಕ್ಕದಲ್ಲಿ ಮಾತ್ರೆಗಾದ ಖರ್ಚು ಸೇರುತ್ತದೆ. ಅವಳು ಕಳೆದುಕೊಂಡ ಕೂಲಿಯನ್ನು ಬರೆದಿಡುವವರಿಲ್ಲ.

ಸರ್ಕಾರದ ಲೆಕ್ಕಿಗರು ಮಾತ್ರ ಈಚೆಗೆ ಈ ಕಡೆ ದೃಷ್ಟಿ ಹಾಯಿಸಿದ್ದಾರೆ. 2024ರಲ್ಲಿ ಕೇಂದ್ರ ಸರ್ಕಾರವು ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದು, ದಿನಕ್ಕೆ ಸರಾಸರಿ 140 ನಿಮಿಷ ಅದಕ್ಕೆ ಸಲ್ಲುತ್ತಿತ್ತು. ಗಂಡಸರಲ್ಲಿ ನೂರಕ್ಕೆ ಸುಮಾರು 21 ಮಂದಿ. ಅವರ ಹೊತ್ತು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆಯೆಂಬುದು ನಿಜ. ಆದರೆ ಅಡಿಗೆ, ನೀರು, ಬಟ್ಟೆಬರೆಗಳ ಕೆಲಸ ಇದರೊಳಗಿಲ್ಲ. ಅದರ ಲೆಕ್ಕ ಬೇರೆಯೇ ಇದೆ.

ಕಾನೂನಿನ ಮಾತಿಗೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಹೊಣೆಗಾರರನ್ನು ಹೆಸರಿಸಿತು. ಆ ಪಟ್ಟಿಯಲ್ಲಿ ಸೊಸೆಯ ಹೆಸರಿರಲಿಲ್ಲ. ಕೆಲಸವಾದರೋ ಬಹುತೇಕ ಮನೆಗಳಲ್ಲಿ ಅವಳದೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಒಂದು ಹೆಜ್ಜೆ ಮುಂದಿಟ್ಟಿತು. ಸಂಬಳ ಪಡೆದಾಗಲಿ ಪಡೆಯದೆಯಾಗಲಿ ಅಂಗವಿಕಲರನ್ನು ನೋಡಿಕೊಳ್ಳುವ ತಂದೆತಾಯಿ, ಬಂಧುಗಳೆಲ್ಲರನ್ನೂ ಅದು ಆರೈಕೆದಾರರೆಂದೇ ಕರೆಯಿತು. ಹೆಚ್ಚಿನ ಆಸರೆ ಬೇಕಾದವರಿಗಾಗಿ ಆರೈಕೆ ಭತ್ಯೆಯ ಮಾತನ್ನೂ ಆಡಿತು. ಕರ್ನಾಟಕ ಸರ್ಕಾರವು 2024-25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಗಳ ಪ್ರೋತ್ಸಾಹಧನವನ್ನು ಸಾರಿತು. ಮೊತ್ತ ಚಿಕ್ಕದು; ಲಕ್ವದವರ, ಮರೆವಿನ ರೋಗ ತಗುಲಿದ ವೃದ್ಧರ ಮನೆಯವರು ಆ ನಾಲ್ಕರ ಹೊರಗೇ ಉಳಿದರು. ಆದರೂ ನೋಡಿಕೊಳ್ಳುವವಳ ಹೆಸರಿಗೆ ಹಣ ಸಲ್ಲಬೇಕೆಂಬುದನ್ನು ಸರ್ಕಾರವೇ ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಅಂಗವಿಕಲರಿಗೆ ಸಲ್ಲುವ ಸೌಲಭ್ಯಗಳನ್ನು ತಿಳಿಸಲು ಗ್ರಾಮ ಪಂಚಾಯತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ. ಅವರನ್ನು ಕಂಡು ವಿಚಾರಿಸುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೂ ಅವಳಿಗೆ ಒಂದು ದಿನದ ಅಲೆದಾಟ ತಪ್ಪೀತು.

ಈ ಮನ್ನಣೆ ಬೇರೆ ದೇಶಗಳಲ್ಲಿಯೂ ಸುಲಭವಾಗಿ ದೊರೆತುದಲ್ಲ. ಇಂಗ್ಲೆಂಡಿನ ಮೇರಿ ವೆಬ್‌ಸ್ಟರ್ ಎಂಬಾಕೆ 1954ರಲ್ಲಿ ವೃದ್ಧ ತಂದೆತಾಯಿಗಳ ಸೇವೆಗಾಗಿ ಉದ್ಯೋಗ ಬಿಟ್ಟರು. 1963ರಲ್ಲಿ ತಮ್ಮಂಥವರ ಪಾಡನ್ನು ಪತ್ರಿಕೆಗಳಿಗೆ ಬರೆದಾಗ ಅಂಥದೇ ಸ್ಥಿತಿಯಲ್ಲಿದ್ದ ಹೆಂಗಸರ ಓಲೆಗಳು ರಾಶಿರಾಶಿಯಾಗಿ ಬಂದವು. 1965ರಲ್ಲಿ ಅವರದೇ ಒಂದು ಸಂಘ ಹುಟ್ಟಿತು. 1976ರಲ್ಲಿ ಭತ್ಯೆ ಬಂತು. ಆದರೆ ಮದುವೆಯಾದ ಹೆಂಗಸು ಹೇಗೂ ಮನೆಯಲ್ಲಿಯೇ ಇರುವವಳಲ್ಲವೆ ಎಂಬ ವಾದದಿಂದ ಗೃಹಿಣಿಯರನ್ನು ಹೊರಗಿಟ್ಟರು. ಆ ತಡೆ ತೊಲಗಲು 1986ರವರೆಗೆ ಕಾಯಬೇಕಾಯಿತು. ಅದೇ ವಾದ ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ!

ಹಣದಷ್ಟೇ ಅಗತ್ಯವಾದುದು ತಿಳಿವಳಿಕೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದಲ್ಲಿಯೇ ಡೇರೆ ಹಾಕಿಸಿ ಇರಿಸಿಕೊಂಡು, ರೋಗವೆಂದರೇನು, ರೋಗಿಯೊಡನೆ ಹೇಗಿರಬೇಕು ಎಂಬುದನ್ನು ಕಲಿಸಿದರು. ಕೊಪ್ಪಳದ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೇ ಕೊಂಡೊಯ್ದಿತು. ಆ ಮಾದರಿ 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೂ ಹಬ್ಬಲಾರಂಭಿಸಿತು. ದೇಹದ ಕಾಯಿಲೆಗೂ ಇಂಥ ಪಾಠ ಬೇಕು. ಏಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿದರೆ ಬೆನ್ನಿಗೆ ಹುಣ್ಣಾಗುವುದು ಬಹುಮಟ್ಟಿಗೆ ತಪ್ಪುತ್ತದೆ. ಉಣಿಸುವಾಗ ತಲೆಯೆತ್ತಿ ಕೂರಿಸಿದರೆ ಅನ್ನ ಗಂಟಲಲ್ಲಿ ಸಿಕ್ಕುವ ಭಯ ಕಡಿಮೆ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಿದರೆ ಎತ್ತುವವಳ ಬೆನ್ನು ಉಳಿಯುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನ ಇಷ್ಟನ್ನು ಮಾಡಿ ತೋರಿಸುವಂತೆ ದಾದಿಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯೂ ಸೇರಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟವಳಿಗೆ ಸಿಡುಕು ಬರುವುದು, ಕಾರಣವಿಲ್ಲದೆ ಕಣ್ಣೀರು ಬರುವುದು ಗುಣದ ದೋಷವಲ್ಲ, ದಣಿವಿನ ಫಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ, ಸಂಖ್ಯೆ 14416, ಅಂಥವರ ಮಾತನ್ನೂ ಆಲಿಸುತ್ತದೆ. ಆದರೆ ಒಂದು ರಾತ್ರಿಯ ನಿದ್ದೆಯನ್ನು ದೂರವಾಣಿ ಕೊಡಲಾರದು. ಅದನ್ನು ಕೊಡಬಲ್ಲವರು ಮನೆಯವರು, ನೆರೆಯವರು. ಕೇರಳದ ಮಲಪ್ಪುರಂ ಕಡೆಯಲ್ಲಿ 1999ರ ಸುಮಾರಿನಿಂದ ನೆರೆಹೊರೆಯವರೇ ತರಬೇತಿ ಪಡೆದು, ವಾರಕ್ಕೆ ಎರಡು ಗಂಟೆಯಾದರೂ ಹಾಸಿಗೆ ಹಿಡಿದವರ ಮನೆಗಳಿಗೆ ನೆರವಾಗುವ ಪದ್ಧತಿ ಬೆಳೆದುಬಂದಿದೆ.

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಹುಟ್ಟಿ, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳು ತಿಂಗಳು ಹಣ ಕಳುಹಿಸುವುದು ಅವರ ಧರ್ಮ. ಹೆಚ್ಚಿನವರು ಕಳುಹಿಸುತ್ತಲೂ ಇದ್ದಾರೆ. ಅದರ ಜೊತೆಗೆ 'ಅಪ್ಪ ಯಾಕೆ ಸೊರಗಿದ್ದಾನೆ' ಎಂಬ ವಿಚಾರಣೆಯೂ ದೂರವಾಣಿಯಲ್ಲಿ ನಡೆಯುತ್ತದೆ. ಹಗಲಿರುಳು ದುಡಿದ ತಮ್ಮನ ಹೆಂಡತಿಗೆ ಆ ಪ್ರಶ್ನೆ ಆರೋಪದಂತೆ ಕೇಳಿಸೀತೆಂಬುದು ಕೇಳಿದವರಿಗೆ ಹೊಳೆಯುವುದಿಲ್ಲ. ಅವಳನ್ನು ತ್ಯಾಗಮಯಿಯೆಂದು ಹೊಗಳುವುದರಿಂದಲೂ ಅವಳ ಹೊರೆ ಇಳಿಯದು. ಹೊಗಳಿಸಿಕೊಂಡವಳು ಸಾಕಾಯಿತೆಂದು ಬಾಯಿಬಿಡುವುದೂ ಕಷ್ಟ.

ವರ್ಷಕ್ಕೆ ಹದಿನೈದು ದಿನ ರಜೆ ಪಡೆದು ಊರಿಗೆ ಹೋಗುವ ಮಗ, ಆ ಹದಿನೈದು ದಿನ ತಂದೆಯ ಕೋಣೆಯಲ್ಲಿ ತಾನೇ ಮಲಗಲಿ. ಮೈ ಒರೆಸುವುದನ್ನೂ ಮಗ್ಗುಲು ಬದಲಿಸುವುದನ್ನೂ ನಾದಿನಿಯಿಂದ ಕಲಿತು ತಾನೇ ಮಾಡಲಿ. ಅಷ್ಟು ದಿನ ಅವಳು ತವರಿಗೆ ಹೋಗಿ ನಿದ್ದೆ ಮಾಡಿ ಬರಲಿ.